ಈಟಿಂಗ್ ಡಿಸಾರ್ಡರ್‌ಗೆ ಸೈಕೆಡೆಲಿಕ್ ಥೆರಪಿ: ಸೇರುವ ಮುನ್ನ, ಡೋಸ್ ದಿನ, ಆಮೇಲಿನ ಊಟಗಳು

ತೂಕ ಏರುವ ಭಯದಿಂದ ಊಟ ಬಿಡುವ ಈಟಿಂಗ್ ಡಿಸಾರ್ಡರ್ ಆದ ಅನೊರೆಕ್ಸಿಯಾದ ಜೊತೆ ವರ್ಷಗಟ್ಟಲೆ ಗುದ್ದಾಡಿದವರಿಗೆ, ಆಸ್ಪತ್ರೆ ಸೇರಿ ತೂಕ ಏರಿಸಿಕೊಂಡು ಮನೆಗೆ ಬಂದು ಮತ್ತೆ ಅದೇ ಹಳ್ಳಕ್ಕೆ ಜಾರಿದವರಿಗೆ, ಕೆಲವು ಅಣಬೆಗಳಲ್ಲಿರುವ, ಗ್ರಹಿಕೆಯನ್ನೇ ಬದಲಿಸುವ (ಸೈಕೆಡೆಲಿಕ್) ಔಷಧ ಸೈಲೋಸೈಬಿನ್ ಕುರಿತ ಒಂದು ಸಣ್ಣ ಸುದ್ದಿಯೂ ದೊಡ್ಡ ಆಸೆ ಹುಟ್ಟಿಸುತ್ತದೆ. ಆ ಆಸೆಗೆ ಕಾರಣವಿದೆ. ಅನೊರೆಕ್ಸಿಯಾಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇನ್ನೂ ಇಲ್ಲ. 36 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಈ ಕಾಯಿಲೆ ಇರುವ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 5 ಮಂದಿ ಸಾಯುತ್ತಾರೆ. ಆ ಸಾವುಗಳಲ್ಲಿ ಐದರಲ್ಲಿ ಒಂದು ಆತ್ಮಹತ್ಯೆ.

ವೈದ್ಯಕೀಯ ಪ್ರಯೋಗವೊಂದಕ್ಕೆ ಸೇರಬೇಕೆ ಎಂದು ಯೋಚಿಸುತ್ತಿರುವ ವಯಸ್ಕ ರೋಗಿಗೆ, ಅವರ ಮನೆಯವರಿಗೆ ಮತ್ತು ಅವರನ್ನು ನೋಡಿಕೊಳ್ಳುತ್ತಿರುವ ಥೆರಪಿಸ್ಟ್‌ಗೆ ಈ ಬರಹ. ಮನೆಯಲ್ಲೋ ಯಾವುದೋ ರಿಟ್ರೀಟ್‌ನಲ್ಲೋ ತಾವೇ ತೆಗೆದುಕೊಳ್ಳುವವರಿಗೆ ಇದರಲ್ಲಿ ದಾರಿ ಇಲ್ಲ. ಹಸಿದು ಸೊರಗಿದ ದೇಹ, ವಾಂತಿಯಿಂದ ಲವಣಾಂಶ ಕಳೆದುಕೊಂಡ ಹೃದಯ, ಇವು ಈ ಔಷಧಗಳ ಜೊತೆ ಸೇರಿದಾಗ ಏನಾಗುತ್ತದೆ ಎಂಬುದು ಇಸಿಜಿ ಯಂತ್ರ ಮತ್ತು ರಕ್ತಪರೀಕ್ಷೆ ಇರುವ ಕಡೆ ಮಾತ್ರ ಗೊತ್ತಾಗುತ್ತದೆ.

ಈವರೆಗೆ ಸಿಕ್ಕಿರುವ ಪುರಾವೆ

ಹೆಚ್ಚು ಹೆಸರಾದದ್ದು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನ. 2023ರ ಜುಲೈನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಅನೊರೆಕ್ಸಿಯಾ ಇರುವ, ಇಲ್ಲವೇ ಅದರಿಂದ ಭಾಗಶಃ ಚೇತರಿಸಿಕೊಂಡ 10 ಮಹಿಳೆಯರಿಗೆ ಥೆರಪಿಯ ಜೊತೆ 25 ಮಿಲಿಗ್ರಾಂ ಸೈಲೋಸೈಬಿನ್ ಒಂದೇ ಸಲ ಕೊಟ್ಟರು. ಮೂರು ತಿಂಗಳ ನಂತರ 4 ಮಂದಿಯಲ್ಲಿ ಆಹಾರ, ತೂಕ, ದೇಹದಾಕಾರದ ಬಗೆಗಿನ ಗೀಳು ಎದ್ದು ಕಾಣುವಷ್ಟು ಇಳಿದಿತ್ತು. ಆದರೆ ಗುಂಪಿನ ತೂಕದಲ್ಲಿ ಗಮನಾರ್ಹ ಬದಲಾವಣೆ ಆಗಲಿಲ್ಲ. ಈ ಕೊನೆಯ ಸಾಲನ್ನು ಎರಡು ಸಲ ಓದಿ. ಯೋಚನೆ ಸಡಿಲವಾಗುವುದು ಬೇರೆ, ತಟ್ಟೆಯಲ್ಲಿದ್ದದ್ದು ಹೊಟ್ಟೆಗೆ ಹೋಗುವುದು ಬೇರೆ. ಅಲ್ಲದೆ ಹೋಲಿಕೆಗೆ ಡಮ್ಮಿ ಔಷಧ ಪಡೆದ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ಹಾಗಾಗಿ ಸುಧಾರಣೆಯಲ್ಲಿ ಔಷಧದ ಪಾಲೆಷ್ಟು, ಗಮನ ಕೊಟ್ಟು ಮಾತಾಡಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಬೇರೆ ಮಾದರಿ ರೂಪಿಸಿತು: 20 ಮಹಿಳೆಯರು, ಆರು ವಾರಗಳಲ್ಲಿ ಮೂರು ಡೋಸ್, ಪ್ರತಿಯೊಂದೂ ಹೆಚ್ಚೆಂದರೆ 25 ಮಿಲಿಗ್ರಾಂ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಕ್ಲೇರ್ ಫೋಲ್ಡಿ ಅವರ ತಂಡ, ಓಡುತ್ತ ಓಡುತ್ತ ಊಟ ಬಿಡುವ ಹೆಣ್ಣು ಇಲಿಗಳಲ್ಲಿ ಸೈಲೋಸೈಬಿನ್ ತೂಕ ಉಳಿಸಿಕೊಳ್ಳಲು ನೆರವಾಗುವುದನ್ನು, ಹಿಡಿದ ಪಟ್ಟು ಬಿಟ್ಟು ಹೊಸದು ಕಲಿಯುವ ಸಾಮರ್ಥ್ಯ ಸುಧಾರಿಸುವುದನ್ನು ತೋರಿಸಿದೆ.

ಎಕ್ಸ್‌ಟಸಿ ಎಂದೂ ಕರೆಯುವ ಎಂಡಿಎಂಎ ವಿಷಯದಲ್ಲಿ ಇರುವುದು ಪರೋಕ್ಷ ಪುರಾವೆ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಮಾನಸಿಕ ತೊಂದರೆ ಇದ್ದ 90 ಮಂದಿಯ ಮೂರನೇ ಹಂತದ ಪ್ರಯೋಗದಲ್ಲಿ ಊಟದ ಸಮಸ್ಯೆಗಳನ್ನೂ ಇಎಟಿ-26 ಪ್ರಶ್ನಾವಳಿಯಿಂದ ಅಳೆದಿದ್ದರು. ಅದರಲ್ಲಿ 20 ಅಥವಾ ಹೆಚ್ಚು ಅಂಕ ಬಂದರೆ ವೈದ್ಯರು ನೋಡಲೇಬೇಕು ಎಂದರ್ಥ. ಶುರುವಿನಲ್ಲೇ 13 ಮಂದಿ ಆ ಗೆರೆಯಲ್ಲಿದ್ದರು. ಡಮ್ಮಿ ಪಡೆದವರಿಗಿಂತ ಎಂಡಿಎಂಎ ಪಡೆದವರಲ್ಲಿ ಅಂಕ ಹೆಚ್ಚು ಇಳಿಯಿತು. ಆದರೆ ತೂಕ ತೀರಾ ಕಡಿಮೆ ಇದ್ದವರನ್ನೂ ವಾಂತಿ ಮಾಡಿಕೊಳ್ಳುವವರನ್ನೂ ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಅಂದರೆ ಹೆಚ್ಚು ಕಷ್ಟದಲ್ಲಿರುವವರಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಪಿಟಿಎಸ್‌ಡಿಗೇ ಎಂಡಿಎಂಎ ಬಳಸುವ ಅರ್ಜಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಎಂಡಿಎಂಎ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್ ಬರೆಯಬಹುದು. ಆ ಪಟ್ಟಿಯಲ್ಲಿ ಈಟಿಂಗ್ ಡಿಸಾರ್ಡರ್ ಇಲ್ಲ.

ಅರಿವಳಿಕೆ ಔಷಧ ಕೆಟಮಿನ್‌ದು ಹಳೆಯ ಕಥೆ. 1998ರಲ್ಲಿ ಪ್ರಕಟವಾದ ಬ್ರಿಟಿಷ್ ವರದಿಯೊಂದರಲ್ಲಿ 15 ರೋಗಿಗಳಿಗೆ ಗಂಟೆಗೆ 20 ಮಿಲಿಗ್ರಾಂನಂತೆ 10 ಗಂಟೆ ಡ್ರಿಪ್ ಕೊಟ್ಟಿದ್ದರು, ಜೊತೆಗೆ ಅಫೀಮಿನಂಥ ಔಷಧಗಳ ಪರಿಣಾಮ ತಡೆಯುವ ನಾಲ್ಮೆಫೀನ್ ಮಾತ್ರೆ. 9 ಮಂದಿಗೆ ಗುಣ ಕಂಡಿತ್ತು. ಅಲ್ಲೂ ಹೋಲಿಕೆಯ ಗುಂಪಿರಲಿಲ್ಲ.

ಮೊದಲು ದೇಹ ನಿಲ್ಲಬೇಕು

ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ: ಹಸಿದ ಮೆದುಳಿಗೆ ಮೊದಲ ಔಷಧ ಅನ್ನ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಊಟದ ಗೀಳು, ತುತ್ತನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ತಿನ್ನುವುದು, ಮಂಕು, ಸಿಡುಕು, ಜನರಿಂದ ದೂರ ಸರಿಯುವುದು, ಎಲ್ಲವೂ ಅವರಲ್ಲಿ ಬಂದವು. ಅವರಿಗೆ ಮೊದಲೇ ಅನೊರೆಕ್ಸಿಯಾ ಇರಲಿಲ್ಲ. ಯೋಚನೆಯ ಬಿಗಿತದಲ್ಲಿ ಒಂದು ಪಾಲು ಹಸಿವಿನದೇ. ಆ ಪಾಲನ್ನು ಸೈಲೋಸೈಬಿನ್ ತೆಗೆಯಲಾರದು.

ಆದ್ದರಿಂದ ಪ್ರಯೋಗಕ್ಕೆ ಅರ್ಜಿ ಹಾಕುವ ಮೊದಲೇ ನಿಮ್ಮ ವೈದ್ಯರ ಬಳಿ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ: ಪೊಟ್ಯಾಶಿಯಂ, ಸೋಡಿಯಂ, ಮೆಗ್ನೀಶಿಯಂ, ಫಾಸ್ಫೇಟ್, ರಕ್ತದ ಸಕ್ಕರೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಇಸಿಜಿ, ಮಲಗಿದಾಗ ಮತ್ತು ಎದ್ದು ನಿಂತಾಗಿನ ಬಿಪಿ ಹಾಗೂ ನಾಡಿ. ಗರ್ಭಧಾರಣೆ ಸಾಧ್ಯವಿರುವವರಿಗೆ ಆ ಪರೀಕ್ಷೆಯೂ ಬೇಕು. ಮುಟ್ಟು ನಿಂತಿದೆ ಎಂದ ಮಾತ್ರಕ್ಕೆ ಗರ್ಭ ನಿಲ್ಲದು ಎಂದು ನಂಬಬೇಡಿ.

ಪೊಟ್ಯಾಶಿಯಂ ಲೀಟರಿಗೆ 3.5 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಅದನ್ನು ಸರಿಪಡಿಸುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ವಾಂತಿ ಮಾಡಿಕೊಳ್ಳುವವರಲ್ಲಿ, ಭೇದಿ ಮಾತ್ರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಇದು ಪದೇ ಪದೇ ಇಳಿಯುತ್ತದೆ. ಇಳಿದಾಗ ಇಸಿಜಿಯಲ್ಲಿ ಕ್ಯುಟಿ ಅಂತರ (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಸಮಯ) ಉದ್ದವಾಗಿ ಹೃದಯದ ಲಯ ತಪ್ಪುವ ಅಪಾಯ ಬರುತ್ತದೆ. ಪ್ರಯೋಗಗಳು ಸಾಮಾನ್ಯವಾಗಿ 450 ಮಿಲಿಸೆಕೆಂಡ್ ಆಸುಪಾಸಿನ ಮಿತಿ ಇಟ್ಟುಕೊಳ್ಳುವುದು ಈ ಕಾರಣಕ್ಕೆ. ಒಂದು ವಾರ ಹಳೆಯ ರಿಪೋರ್ಟ್ ಸಾಲದು: ನಿನ್ನೆ ರಾತ್ರಿ ಐದು ಸಲ ವಾಂತಿ ಮಾಡಿಕೊಂಡವರ ಪೊಟ್ಯಾಶಿಯಂ ಇವತ್ತು ಎಷ್ಟಿದೆ ಎಂಬುದನ್ನು ಕಳೆದ ವಾರದ ಕಾಗದ ಹೇಳುವುದಿಲ್ಲ. ಡೋಸ್‌ಗೆ ಮುನ್ನ ಇದೇ ಪರೀಕ್ಷೆ ಮತ್ತೆ ಆಗುತ್ತದೆಯೇ ಎಂದು ತಂಡವನ್ನು ಕೇಳಿ.

ತೂಕ ತೀರಾ ಇಳಿದಿದ್ದರೆ ಆತುರಾತುರವಾಗಿ ತಿಂದು ಏರಿಸಿಕೊಂಡು ಪ್ರಯೋಗದ ಅರ್ಹತೆ ಗಿಟ್ಟಿಸಲು ಹೋಗಬೇಡಿ. ದೀರ್ಘ ಉಪವಾಸದ ಮೇಲೆ ಒಮ್ಮೆಲೇ ಹೆಚ್ಚು ತಿಂದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯ, ಉಸಿರು ಎರಡೂ ಕೈಕೊಡಬಹುದು. ಮರುಪೋಷಣೆಯ ಈ ಅಪಾಯವನ್ನು ವೈದ್ಯರು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಫಾಸ್ಫೇಟ್ ಮತ್ತೆ ಮತ್ತೆ ನೋಡುತ್ತ, ಕ್ಯಾಲೊರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನಿಭಾಯಿಸುತ್ತಾರೆ. ತೂಕದ ದಿನ ಲೀಟರುಗಟ್ಟಲೆ ನೀರು ಕುಡಿದು ಹೋಗುವುದು ಇನ್ನೂ ಕೆಟ್ಟದ್ದು. ಸೋಡಿಯಂ ಇಳಿಯುತ್ತದೆ, ತಂಡ ತಪ್ಪು ಅಂಕಿ ನಂಬಿ ಡೋಸ್ ಕೊಡುತ್ತದೆ.

ಪುರಾವೆ ಗಟ್ಟಿಯಿರುವ ಚಿಕಿತ್ಸೆ ಇನ್ನೂ ಆಗಿಲ್ಲದಿದ್ದರೆ ಮೊದಲು ಅದು. 18ರೊಳಗಿನವರಿಗೆ ಮನೆಯವರೇ ಊಟದ ಹೊಣೆ ಹೊರುವ ಕುಟುಂಬ ಆಧಾರಿತ ಚಿಕಿತ್ಸೆ. ದೊಡ್ಡವರಿಗೆ ಸಿಬಿಟಿ-ಇ, ಅಂದರೆ ಈಟಿಂಗ್ ಡಿಸಾರ್ಡರ್‌ಗೆಂದೇ ರೂಪಿಸಿದ, ಯೋಚನೆ ಮತ್ತು ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ: ಸಾಮಾನ್ಯವಾಗಿ 20 ಸೆಷನ್, ತೂಕ ಕಡಿಮೆ ಇದ್ದರೆ 40ರವರೆಗೆ. ಬುಲಿಮಿಯಾಕ್ಕೆ (ವಿಪರೀತ ತಿಂದು ವಾಂತಿ ಮುಂತಾದವುಗಳಿಂದ ಹೊರಹಾಕುವ ಕಾಯಿಲೆ) ಫ್ಲುಯಾಕ್ಸೆಟಿನ್ 60 ಮಿಲಿಗ್ರಾಂ, ಬಿಂಜ್ ಈಟಿಂಗ್‌ಗೆ (ಹತೋಟಿ ತಪ್ಪಿ ವಿಪರೀತ ತಿನ್ನುವುದು) ಲಿಸ್‌ಡೆಕ್ಸಾಂಫೆಟಮಿನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದಿವೆ. ಇವನ್ನು ಅರ್ಧಕ್ಕೇ ಬಿಟ್ಟು ಸೈಕೆಡೆಲಿಕ್ ಕಡೆ ಓಡುವುದು ನಮ್ಮ ದೃಷ್ಟಿಯಲ್ಲಿ ತಪ್ಪು ಲೆಕ್ಕ.

ಪ್ರಯೋಗ ಹುಡುಕಿ, ತಂಡವನ್ನು ಪರೀಕ್ಷಿಸುವುದು

ಅಮೆರಿಕ ಸರ್ಕಾರದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ ತಾಣದಲ್ಲಿ ಅಥವಾ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಪಟ್ಟಿಯಲ್ಲಿ ಕಾಯಿಲೆಯ ಹೆಸರು ಮತ್ತು ಔಷಧದ ಹೆಸರು ಎರಡನ್ನೂ ಹಾಕಿ ಹುಡುಕಿ. ಮೊದಲನೆಯದರಲ್ಲಿ ಪ್ರತಿ ಪ್ರಯೋಗಕ್ಕೂ ಎನ್‌ಸಿಟಿ ಎಂದು ಶುರುವಾಗಿ 8 ಅಂಕಿಗಳಿರುವ ಸಂಖ್ಯೆ ಇರುತ್ತದೆ. ಯಾರಾದರೂ ‘ನಮ್ಮಲ್ಲಿ ಪ್ರಯೋಗ ನಡೆಯುತ್ತಿದೆ’ ಎಂದು ಕರೆದರೆ ನೋಂದಣಿ ಸಂಖ್ಯೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ಕೊಡದಿದ್ದರೆ ಅಲ್ಲಿಗೆ ಮಾತು ಮುಗಿಸಿ. ಸೈಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ 1971ರ ವಿಶ್ವಸಂಸ್ಥೆ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಬಹುತೇಕ ದೇಶಗಳಲ್ಲಿ ಅಪರಾಧ.

ಸೇರಿಸಿಕೊಳ್ಳುವ ಮತ್ತು ಹೊರಗಿಡುವ ಷರತ್ತುಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ನಿಮಗೋ ಹತ್ತಿರದ ರಕ್ತಸಂಬಂಧಿಗೋ ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ಕಾಯಿಲೆ ಇದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ, ಇತ್ತೀಚೆಗೆ ಆತ್ಮಹತ್ಯೆಗೆ ಯತ್ನಿಸಿದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇದನ್ನು ಮುಚ್ಚಿಟ್ಟು ಒಳಗೆ ಹೋದವರಿಗೆ ವಾರಗಟ್ಟಲೆ ಇಳಿಯದ ಉನ್ಮಾದವೋ ಭ್ರಮೆಯೋ ಕಾಡಬಹುದು. ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸ ಈಟಿಂಗ್ ಡಿಸಾರ್ಡರ್‌ನ ಒಡಲಲ್ಲೇ ಇದೆ. ಎಷ್ಟು ಸಲ ವಾಂತಿ, ಎಷ್ಟು ಭೇದಿ ಮಾತ್ರೆ, ಎಷ್ಟು ಗಂಟೆ ವ್ಯಾಯಾಮ ಎಂದು ಕೇಳಿದಾಗ ಅರ್ಧ ಸಂಖ್ಯೆ ಹೇಳುವುದು ರೂಢಿಯಾಗಿಬಿಟ್ಟಿರುತ್ತದೆ. ಇಲ್ಲಿ ಪೂರ್ತಿ ಸಂಖ್ಯೆ ಹೇಳಿ. ಬೇಕಿದ್ದರೆ ಎರಡು ವಾರ ಬರೆದಿಟ್ಟು ಆ ಕಾಗದವನ್ನೇ ಕೊಡಿ.

ತಂಡಕ್ಕೆ ಕೇಳಬೇಕಾದ ಪ್ರಶ್ನೆಗಳು ಹಲವು. ನಾವು ಎಂದೂ ಬಿಡದವು ಇವು:

- ಈಟಿಂಗ್ ಡಿಸಾರ್ಡರ್ ನೋಡಿ ಪಳಗಿದ ವೈದ್ಯರು ಮತ್ತು ಡಯೆಟಿಷಿಯನ್ ತಂಡದಲ್ಲಿದ್ದಾರೆಯೇ? ಸೈಕೆಡೆಲಿಕ್ ಬಲ್ಲ ಥೆರಪಿಸ್ಟ್ ಮಾತ್ರ ಇದ್ದರೆ ಸಾಲದು.
- ಪ್ರಯೋಗದ ನಡುವೆ ತೂಕ ಎಷ್ಟು ಇಳಿದರೆ ನಿಲ್ಲಿಸುತ್ತೀರಿ? ಆಮೇಲೆ ಎಲ್ಲಿಗೆ ಕಳಿಸುತ್ತೀರಿ?
- ನಮ್ಮ ಈಗಿನ ಥೆರಪಿಸ್ಟ್ ಜೊತೆ ನೀವು ನೇರ ಮಾತಾಡುತ್ತೀರಾ?
- ಕೋಣೆಯಲ್ಲಿ ಇಬ್ಬರು ಇರುತ್ತಾರೆಯೇ, ವಿಡಿಯೋ ದಾಖಲಾಗುತ್ತದೆಯೇ, ಮುಟ್ಟುವ ವಿಷಯದಲ್ಲಿ ನಿಯಮವೇನು?
- ರಾತ್ರಿ 2ಕ್ಕೆ ಯಾರಿಗೆ ಫೋನ್ ಮಾಡಬೇಕು?

ನಾಲ್ಕನೆಯ ಪ್ರಶ್ನೆಗೆ ಮುಜುಗರ ಪಡಬೇಡಿ. ಎಂಡಿಎಂಎ ಪ್ರಯೋಗವೊಂದರಲ್ಲಿ ಥೆರಪಿಸ್ಟ್‌ಗಳು ಎಲ್ಲೆ ಮೀರಿದ್ದು ವಿಡಿಯೋದಲ್ಲೇ ದಾಖಲಾಗಿ ಬೆಳಕಿಗೆ ಬಂದಿದೆ. ಔಷಧದ ಪ್ರಭಾವದಲ್ಲಿರುವಾಗ ‘ಬೇಡ’ ಎನ್ನುವ ಬಲ ಕುಗ್ಗುತ್ತದೆ. ಕೈ ಹಿಡಿಯಬಹುದೇ, ಭುಜದ ಮೇಲೆ ಕೈ ಇಡಬಹುದೇ ಎಂಬುದನ್ನು ಎಚ್ಚರವಿರುವ ದಿನವೇ ಬರೆದು ಒಪ್ಪಿಕೊಳ್ಳಬೇಕು. ಆ ದಿನ ‘ಹೆಚ್ಚು ಬೇಕು’ ಎಂದು ನೀವೇ ಕೇಳಿದರೂ ಬರೆದದ್ದನ್ನು ಮೀರಬಾರದು. ‘ನಿಲ್ಲಿಸಿ’ ಎಂದರೆ ಮಾತ್ರ ತಕ್ಷಣ ನಿಲ್ಲಬೇಕು. ದೇಹವನ್ನು ಯಾರಾದರೂ ಮುಟ್ಟಿದರೆ, ನೋಡಿದರೆ ಕುಗ್ಗಿಹೋಗುವ ರೋಗಿಗೆ ಈ ಒಪ್ಪಂದ ಅರ್ಧ ಧೈರ್ಯ.

ಈಗಿನ ಮಾತ್ರೆಗಳನ್ನು ಏನು ಮಾಡುವುದು

ಖಿನ್ನತೆ ನಿವಾರಕ ಎಸ್‌ಎಸ್‌ಆರ್‌ಐ ಮಾತ್ರೆಗಳು ಸೈಲೋಸೈಬಿನ್ ಮತ್ತು ಎಂಡಿಎಂಎ ಪರಿಣಾಮವನ್ನು ಮಂಕಾಗಿಸಬಹುದು. ಆದ್ದರಿಂದ ಹಲವು ಪ್ರಯೋಗಗಳು ಅವನ್ನು ನಿಧಾನವಾಗಿ ಇಳಿಸಿ ನಿಲ್ಲಿಸಲು ಹೇಳುತ್ತವೆ: ಸಾಮಾನ್ಯವಾಗಿ ಕೊನೆಯ ಮಾತ್ರೆಯಿಂದ ಎರಡು ವಾರ. ಫ್ಲುಯಾಕ್ಸೆಟಿನ್ ಆದರೆ ಐದು ವಾರವಾದರೂ ಬೇಕು, ಏಕೆಂದರೆ ಅದು ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ಅಂಶ ಬಹಳ ಕಾಲ ಉಳಿಯುತ್ತವೆ. ಬುಲಿಮಿಯಾಕ್ಕೆ ಇದೇ ಮಾತ್ರೆಯಿಂದ ನಿಂತಿರುವವರಿಗೆ ಈ ಐದಾರು ವಾರಗಳೇ ಇಡೀ ಪ್ರಯಾಣದ ಜಾರು ಜಾಗ. ಬಿಂಜ್ ಮತ್ತು ವಾಂತಿ ಮರಳಿದರೆ ಪೊಟ್ಯಾಶಿಯಂ ಇಳಿಯುತ್ತದೆ, ಅದರಿಂದಲೇ ಡೋಸ್ ರದ್ದಾಗುತ್ತದೆ, ಕೈಯಲ್ಲಿದ್ದ ಮಾತ್ರೆಯೂ ಹೋಗಿರುತ್ತದೆ. ಆ ವಾರಗಳಲ್ಲಿ ಥೆರಪಿ ಭೇಟಿ ದುಪ್ಪಟ್ಟು ಮಾಡಿ, ವಾರಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಇಟ್ಟುಕೊಳ್ಳಿ. ಹಾಳಾಗುತ್ತಿದೆ ಎನ್ನಿಸಿದರೆ ಮಾತ್ರೆಗೆ ಮರಳುವ ತೀರ್ಮಾನವನ್ನು ಮೊದಲೇ ವೈದ್ಯರೊಡನೆ ಬರೆದಿಟ್ಟುಕೊಳ್ಳಿ. ಸ್ವಂತವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಕೆಲವು ಜೋಡಿಗಳು ಅಪಾಯಕಾರಿ. ಲಿಥಿಯಂ ಜೊತೆ ಸೈಲೋಸೈಬಿನ್ ಅಥವಾ ಎಲ್‌ಎಸ್‌ಡಿ ತೆಗೆದುಕೊಂಡವರಲ್ಲಿ ಫಿಟ್ಸ್ ಬಂದ ವರದಿಗಳಿವೆ. ಸೆರೊಟೊನಿನ್‌ನಂಥ ಮೆದುಳಿನ ರಾಸಾಯನಿಕಗಳನ್ನು ಒಡೆಯುವ ಎಂಎಒ ಕಿಣ್ವವನ್ನು ತಡೆಯುವ ಔಷಧದ ಜೊತೆ ಎಂಡಿಎಂಎ ಸೇರಿದರೆ ಪ್ರಾಣಕ್ಕೇ ಕುತ್ತು. ಖಿನ್ನತೆಗೆ ಕೊಡುವ ಬುಪ್ರೋಪಿಯಾನ್ ಮಾತ್ರೆ ಅನೊರೆಕ್ಸಿಯಾ, ಬುಲಿಮಿಯಾ ಇರುವವರಿಗೆ ಫಿಟ್ಸ್ ಭಯದಿಂದ ಮೊದಲೇ ನಿಷಿದ್ಧ. ಆದರೂ ತೂಕ ಇಳಿಸಲೆಂದು ಗುಟ್ಟಾಗಿ ನುಂಗುವವರಿದ್ದಾರೆ, ಅದನ್ನೂ ಹೇಳಿ.

ದಕ್ಷಿಣ ಅಮೆರಿಕದ ಸೈಕೆಡೆಲಿಕ್ ಕಷಾಯ ಅಯಾವಾಸ್ಕಾ ಬಗ್ಗೆ ಖಡಾಖಂಡಿತ ಮಾತು. ಅದರ ಬಳ್ಳಿಯಲ್ಲೇ ಎಂಎಒ ತಡೆಯುವ ಅಂಶವಿದೆ, ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ಸೆರೊಟೊನಿನ್ ವಿಪರೀತ ಏರಿ ಜ್ವರ, ನಡುಕ, ಸ್ನಾಯು ಬಿಗಿತ ಬರಬಹುದು. ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ಅದಕ್ಕೂ ಮುನ್ನ ದಿನಗಟ್ಟಲೆ ಪಥ್ಯ, ಕುಡಿದ ಮೇಲೆ ವಾಂತಿ, ಆ ವಾಂತಿಗೆ ‘ಶುದ್ಧಿ’ ಎಂಬ ಹೆಸರು. ಊಟ ಬಿಡುವುದು ಪವಿತ್ರ, ಕಕ್ಕುವುದು ಬಿಡುಗಡೆ ಎಂದು ಕಾಯಿಲೆ ಇಷ್ಟು ವರ್ಷ ಕಿವಿಯಲ್ಲಿ ಉಸುರಿದ್ದನ್ನೇ ಒಂದು ಆಚರಣೆ ಗಟ್ಟಿಯಾಗಿ ಹೇಳಿದಂತಾಗುತ್ತದೆ. ಒಳ್ಳೆಯದಾಯಿತು ಎನ್ನುವವರ ಸಂದರ್ಶನಗಳು ಪ್ರಕಟವಾಗಿವೆ. ಆದರೂ ವಾಂತಿಯೇ ಕಾಯಿಲೆಯಾದವರಿಗೆ ಇದನ್ನು ನಾವು ಸೂಚಿಸುವುದಿಲ್ಲ.

ತಯಾರಿಯ ಸೆಷನ್‌ಗಳು

ಎಂಡಿಎಂಎ ಪ್ರಯೋಗಗಳಲ್ಲಿ 90 ನಿಮಿಷದ ಮೂರು ತಯಾರಿ ಸೆಷನ್, ತಿಂಗಳಿಗೊಂದರಂತೆ ಮೂರು ಔಷಧದ ದಿನ, ಒಟ್ಟು ಒಂಬತ್ತು ನಂತರದ ಸೆಷನ್ ಎಂಬ ಮಾದರಿ ಇತ್ತು. ಅನೊರೆಕ್ಸಿಯಾ ರೋಗಿಗೆ ಮೂರು ತಯಾರಿ ಕಡಿಮೆಯೇ. ನಂಬಿಕೆ ಬೆಳೆಯಲು ಸಮಯ ಹಿಡಿಯುತ್ತದೆ. ಹತೋಟಿ ಬಿಟ್ಟುಕೊಡುವುದೇ ಇವರ ದೊಡ್ಡ ಹೆದರಿಕೆ, ಈ ಔಷಧ ಮೊದಲು ಕಿತ್ತುಕೊಳ್ಳುವುದೂ ಅದನ್ನೇ.

ಸೆಷನ್‌ನಲ್ಲಿ ಮೂರು ಕೆಲಸ ಆಗಲೇಬೇಕು. ಮೊದಲನೆಯದು, ದೇಹದಲ್ಲಿ ಏನೇನು ಅನ್ನಿಸಬಹುದು ಎಂದು ಮುಂಚೆಯೇ ಹೇಳುವುದು: ಹೊಟ್ಟೆ ತೊಳಸುವುದು, ಚಳಿ, ಕೈಕಾಲು ಭಾರ, ದೇಹ ಉಬ್ಬಿದಂತೆ ಅಥವಾ ಕರಗಿದಂತೆ ಕಾಣುವುದು. ಉಬ್ಬಿದಂತೆ ಅನ್ನಿಸುವ ಕ್ಷಣ ಬೇರೆಯವರಿಗೆ ತಮಾಷೆಯಾಗಬಹುದು, ಅನೊರೆಕ್ಸಿಯಾ ಇರುವವರಿಗೆ ಅದು ದುಃಸ್ವಪ್ನ. ಆ ಕ್ಷಣ ಬಂದರೆ ಹೇಳುವ ಒಂದು ವಾಕ್ಯ, ಹಿಡಿಯುವ ಒಂದು ವಸ್ತು, ಸೆಷನ್‌ನಲ್ಲಿ ಕಟ್ಟಿಕೊಳ್ಳುವ ಕಣ್ಣುಪಟ್ಟಿ ತೆಗೆಯುವ ಸೂಚನೆ ಇವನ್ನು ಅಭ್ಯಾಸ ಮಾಡಿ. ಕೋಣೆಯಲ್ಲೂ ಶೌಚಾಲಯದಲ್ಲೂ ಕನ್ನಡಿ ಮುಚ್ಚಿಸಿ.

ಎರಡನೆಯದು, ಉದ್ದೇಶ. ‘ವಾಸಿಯಾಗಬೇಕು’ ಎಂಬುದು ತೀರಾ ದೊಡ್ಡದು, ನಿರಾಸೆಗೆ ದಾರಿ. ‘ತಟ್ಟೆ ಮುಂದೆ ಕುಳಿತಾಗ ಎದೆಯಲ್ಲಿ ಏಳುವ ಭಯ ಯಾವುದರದು ಎಂದು ನೋಡುತ್ತೇನೆ’ ಎಂಬಷ್ಟು ಚಿಕ್ಕದಿದ್ದರೆ ಆಮೇಲೆ ಅದರ ಮೇಲೆ ಕೆಲಸ ಮಾಡಬಹುದು.

ಮೂರನೆಯದು, ಮುಂದಿನ ನಾಲ್ಕು ವಾರದ ಊಟದ ಯೋಜನೆ. ಡೋಸ್‌ಗೆ ಮೊದಲೇ ಡಯೆಟಿಷಿಯನ್ ಜೊತೆ ಕುಳಿತು ಬರೆದು ಮುಗಿಸಿ. ಡೋಸ್ ಆದ ಮೇಲೆ ಬರೆಯೋಣ ಎಂದು ಬಿಟ್ಟರೆ ಬರೆಯುವುದೇ ಇಲ್ಲ.

ಡೋಸ್ ದಿನ

ಸಾಮಾನ್ಯ ಪ್ರಯೋಗಗಳು ಆ ಬೆಳಿಗ್ಗೆ ಖಾಲಿ ಹೊಟ್ಟೆ ಅಥವಾ ಹಗುರ ಉಪಾಹಾರ ಎನ್ನುತ್ತವೆ. ಈ ರೋಗಿಗಳಿಗೆ ‘ಹಗುರ’ ಎಂಬ ಪದವೇ ಸಮಸ್ಯೆ, ಕಾಯಿಲೆ ಅದನ್ನು ‘ಏನೂ ಬೇಡ’ ಎಂದು ಓದಿಕೊಳ್ಳುತ್ತದೆ. ಏನು, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದು ಕೊಡುವಂತೆ ಕೇಳಿ. ತಿಂದದ್ದನ್ನು ಯಾರಾದರೂ ನೋಡಿರಲಿ. ಸ್ಯಾನ್ ಡಿಯಾಗೋ ಅಧ್ಯಯನದ 10 ಮಂದಿಯಲ್ಲಿ ಇಬ್ಬರಿಗೆ ರಕ್ತದ ಸಕ್ಕರೆ ಇಳಿದಿತ್ತು. ಲಕ್ಷಣವೇನೂ ಕಾಣಲಿಲ್ಲ, ಒಂದು ದಿನದೊಳಗೆ ಸರಿಹೋಯಿತು. ಪರೀಕ್ಷೆ ಮಾಡಿದ್ದರಿಂದಷ್ಟೇ ಗೊತ್ತಾದದ್ದು. ಹಾಗಾಗಿ ಡೋಸ್‌ಗೆ ಮೊದಲು, ಸಂಜೆ, ಮರುದಿನ ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆ ನೋಡುವುದು ಅತಿಯಲ್ಲ. 70 ಮಿಲಿಗ್ರಾಂ ಪ್ರತಿ ಡೆಸಿಲೀಟರ್‌ಗಿಂತ ಕೆಳಗಿದ್ದರೆ ತಕ್ಷಣ ಸಿಹಿ ಪಾನೀಯ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ.

ಈಗಿನ ಹೆಚ್ಚಿನ ಪ್ರಯೋಗಗಳಲ್ಲಿ ಸೈಲೋಸೈಬಿನ್ ಡೋಸ್ ಅನ್ನು ತೂಕಕ್ಕೆ ತಕ್ಕಂತೆ ಲೆಕ್ಕ ಹಾಕುವುದಿಲ್ಲ. 2021ರಲ್ಲಿ 288 ಮಂದಿಯ ಮಾಹಿತಿ ನೋಡಿದ ವಿಶ್ಲೇಷಣೆ, 49ರಿಂದ 113 ಕೆಜಿ ತೂಕದೊಳಗೆ ಅನುಭವದ ತೀವ್ರತೆಗೂ ತೂಕಕ್ಕೂ ನಂಟು ಕಾಣಲಿಲ್ಲ ಎಂದಿತು. ನಿಮ್ಮ ತೂಕ 49ಕ್ಕಿಂತ ಕಡಿಮೆಯಿದ್ದರೆ ಆ ಭರವಸೆ ನಿಮಗೆ ಹೇಳಿದ್ದಲ್ಲ ಎಂದು ತಿಳಿದು, ತಂಡ ಏನು ಯೋಚಿಸಿದೆ ಎಂದು ಕೇಳಿ.

ಕ್ಯಾಪ್ಸೂಲ್ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಣಾಮ ಶುರು, ಎರಡು ಮೂರು ಗಂಟೆಗೆ ಉತ್ತುಂಗ, ಸುಮಾರು ಆರು ಗಂಟೆಗೆ ಇಳಿತ. ಅನೊರೆಕ್ಸಿಯಾದಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಶುರುವಾಗುವುದು ತಡವಾಗಬಹುದು. ‘ಏನೂ ಆಗುತ್ತಿಲ್ಲ’ ಎಂದು ಗಾಬರಿಯಾಗಬೇಡಿ, ಇನ್ನೊಂದು ಕ್ಯಾಪ್ಸೂಲ್ ಕೇಳಬೇಡಿ. ವಾಂತಿ ಬಂದರೆ ಅಡಗಿಸದೆ ಹೇಳಿ, ಶೌಚಾಲಯಕ್ಕೆ ಒಬ್ಬರೇ ಹೋಗಬೇಡಿ. ತಾನಾಗಿ ಬಂದ ವಾಂತಿಗೂ ಬೆರಳು ಹಾಕಿ ತರಿಸಿಕೊಂಡ ವಾಂತಿಗೂ ಇರುವ ವ್ಯತ್ಯಾಸವನ್ನು ಆ ಸಂಜೆಯೇ ಥೆರಪಿಸ್ಟ್ ಮಾತಾಡಬೇಕು. ಇಲ್ಲವಾದರೆ ಹಳೆಯ ಚಟ ಆ ಒಂದು ವಾಂತಿಯನ್ನೇ ಬಾಗಿಲು ಮಾಡಿಕೊಳ್ಳುತ್ತದೆ.

ಬಿಪಿ, ನಾಡಿಯನ್ನು ದಿನವಿಡೀ ಹಲವು ಬಾರಿ ನೋಡುತ್ತಾರೆ. ಎಂಡಿಎಂಎ ಆದರೆ ಸೆಷನ್ ಎಂಟು ಗಂಟೆ ಹಿಡಿಯುತ್ತದೆ, ಬಿಪಿ ಹೆಚ್ಚು ಏರುತ್ತದೆ, ಹಸಿವು ಸತ್ತುಹೋಗುತ್ತದೆ. ಬಾಯಾರಿಕೆಯಿಂದ ವಿಪರೀತ ನೀರು ಕುಡಿದರೆ ಸೋಡಿಯಂ ಇಳಿಯುತ್ತದೆ. ಹಸಿವು ಸಾಯುವುದು ಮರುದಿನಕ್ಕೂ ಉಳಿಯಬಹುದು. ‘ಹಸಿವಾಗಲಿಲ್ಲ, ಅದಕ್ಕೇ ತಿನ್ನಲಿಲ್ಲ’ ಎನ್ನುವ ನೆಪವನ್ನು ಯೋಜನೆ ಬರೆಯುವಾಗಲೇ ಎತ್ತಿ ಹೇಳಿಡಿ: ಗಡಿಯಾರ ನೋಡಿ ತಿನ್ನಬೇಕು, ಹಸಿವು ನೋಡಿ ಅಲ್ಲ.

ಸಂಜೆ ಕರೆದುಕೊಂಡು ಹೋಗುವವರು ರೋಗಿಗೆ ಆಪ್ತರಾಗಿರಬೇಕು ಮತ್ತು ತೂಕದ ಮಾತೆತ್ತುವವರಾಗಿರಬಾರದು. ಮರುದಿನದವರೆಗೆ ವಾಹನ ಓಡಿಸುವಂತಿಲ್ಲ. ರಾತ್ರಿಯ ಊಟ ಮೊದಲೇ ಸಿದ್ಧವಿರಲಿ, ಆಯ್ಕೆ ಮಾಡುವ ಹೊರೆ ಬೇಡ. ಜೊತೆಯವರೂ ಅದನ್ನೇ ತಿನ್ನಲಿ. ‘ಏನು ಕಂಡಿತು?’ ಎಂದು ಕೆದಕಬೇಡಿ, ಹೇಳಿದರೆ ಕೇಳಿ.

ಆಮೇಲಿನ ವಾರಗಳು

ಮೊದಲ ಕೆಲವು ದಿನ ಮನಸ್ಸು ಹಗುರವಾಗಿರುತ್ತದೆ. ವರ್ಷಗಳಿಂದ ಒಳಗೆ ಗದರುತ್ತಿದ್ದ ದನಿ ತಣ್ಣಗಾದಂತೆ ಅನ್ನಿಸಬಹುದು. ದೊಡ್ಡ ತಪ್ಪು ನಡೆಯುವುದು ಇಲ್ಲೇ: ‘ನನಗೆ ವಾಸಿಯಾಯಿತು, ಇನ್ನು ಊಟದ ಯೋಜನೆ ಬೇಡ, ದೇಹ ಕೇಳಿದಾಗ ತಿನ್ನುತ್ತೇನೆ.’ ಹಸಿವಿನ ಸೂಚನೆ ಇನ್ನೂ ಸರಿಯಾಗಿ ಮರಳಿರುವುದಿಲ್ಲ, ದೇಹ ಕೇಳುವುದಿಲ್ಲ. ಮೂರು ವಾರದಲ್ಲಿ ಎರಡು ಕೆಜಿ ಇಳಿದಿರುತ್ತದೆ, ಇಳಿದ ತೂಕದ ಜೊತೆ ಹಳೆಯ ದನಿ ಹಿಂತಿರುಗುತ್ತದೆ. ತಿಳಿವಳಿಕೆ ಬಂದಷ್ಟೇ ಬೇಗ ಅದನ್ನು ತಟ್ಟೆಗೆ ಇಳಿಸಬೇಕು.

ಹೀಗೆ ಮಾಡಿ. ಮರುದಿನವೇ ಅನುಭವವನ್ನು ಬದುಕಿಗೆ ಜೋಡಿಸುವ ಮೊದಲ ಇಂಟಿಗ್ರೇಶನ್ ಸೆಷನ್ ಇರಲಿ, ಮೊದಲ ಎರಡು ವಾರ ಸೆಷನ್‌ಗಳನ್ನು ಒತ್ತಾಗಿ ಇಟ್ಟುಕೊಳ್ಳಿ. ದಿನಕ್ಕೆ ಮೂರು ಊಟ, ಎರಡು ಮೂರು ಉಪಾಹಾರ, ಬರೆದಿಟ್ಟ ಹೊತ್ತಿಗೆ. ಭಯ ಹುಟ್ಟಿಸುವ ತಿನಿಸುಗಳ ಪಟ್ಟಿಯನ್ನು ಕಡಿಮೆ ಭಯದಿಂದ ಹೆಚ್ಚಿಗೆ ಜೋಡಿಸಿ, ಮೂರನೆಯ ದಿನದಿಂದಲೇ ಕೆಳಗಿನ ಮೆಟ್ಟಿಲಿನದನ್ನು ಒಬ್ಬರ ಜೊತೆ ಕುಳಿತು ತಿನ್ನಿ. ಅದೇ ತಿನಿಸನ್ನು ಆ ವಾರ ಮೂರು ನಾಲ್ಕು ಸಲ. ಒಮ್ಮೆ ತಿಂದು ಗೆದ್ದೆ ಎಂದು ಬಿಟ್ಟರೆ ಕಲಿತ ಹೊಸ ಪಾಠ ಅಳಿಸಿಹೋಗಿ ಭಯ ಮರಳುತ್ತದೆ. ವ್ಯಾಯಾಮದ ಗೀಳಿದ್ದವರು ಓಟದ ಬದಲು ಮೊದಲೇ ಒಪ್ಪಿದ ಮಿತಿಯಲ್ಲಿ ನಡಿಗೆ ಇಟ್ಟುಕೊಳ್ಳಿ. ತೂಕ ವಾರಕ್ಕೊಮ್ಮೆ, ಕ್ಲಿನಿಕ್‌ನಲ್ಲಿ, ಒಂದೇ ತೂಕಯಂತ್ರದಲ್ಲಿ. ಮನೆಯ ಯಂತ್ರ ಬೇರೆಯವರ ಕೈಗೆ ಕೊಡಿ.

ಔಷಧದ ದಿನ ಕಂಡದ್ದರಲ್ಲಿ ಎಲ್ಲವೂ ನಿಜವಲ್ಲ. ಮರೆತುಹೋಗಿದ್ದ ಬಾಲ್ಯದ ಘಟನೆ ಎಂದು ಮೂಡುವ ಚಿತ್ರ ನೆನಪಾಗಿರಬಹುದು, ಕಲ್ಪನೆಯಾಗಿರಬಹುದು. ಅದರ ಆಧಾರದ ಮೇಲೆ ಯಾರನ್ನೂ ಎದುರಿಸಲು ಹೊರಡುವ ಮೊದಲು ವಾರಗಳ ಸಮಯ ಕೊಡಿ. ಮದುವೆ ಮುರಿಯುವುದು, ಕೆಲಸ ಬಿಡುವುದು, ಊರು ಬದಲಿಸುವುದು, ಇವನ್ನೂ ಕನಿಷ್ಠ ಎರಡು ವಾರ ಮುಂದೂಡಿ.

ಕೆಲವು ಪ್ರಯೋಗಗಳಲ್ಲಿ ಹೋಲಿಕೆಗೆಂದು ಒಂದು ಗುಂಪಿಗೆ ತೀರಾ ಕಡಿಮೆ ಡೋಸ್ ಕೊಡುತ್ತಾರೆ; ಆ ಗುಂಪಿಗೆ ಬಿದ್ದವರ ಪಾಡು ಬೇರೆ. ಏನೂ ಅನುಭವವಾಗದ್ದರಿಂದ ಅವರಿಗೆ ಆ ದಿನವೇ ಗೊತ್ತಾಗಿಬಿಡುತ್ತದೆ. ‘ನನ್ನ ಕೊನೆಯ ದಾರಿಯೂ ಮುಚ್ಚಿತು’ ಎಂಬ ಕತ್ತಲು ಕವಿಯುತ್ತದೆ. ಸೇರುವ ಮೊದಲೇ ಕೇಳಿ: ಕಡಿಮೆ ಡೋಸ್ ಬಂದವರಿಗೆ ಆಮೇಲೆ ಪೂರ್ಣ ಡೋಸ್ ಸಿಗುತ್ತದೆಯೇ, ಯಾವಾಗ? ಮನೆಯವರು ಆ ಸಂಜೆಯಿಂದಲೇ ಎಚ್ಚರವಹಿಸಬೇಕು. ಪೂರ್ಣ ಡೋಸ್ ಪಡೆದವರಲ್ಲೂ ಈ ಎಚ್ಚರ ಬೇಕು: 2022ರಲ್ಲಿ ಪ್ರಕಟವಾದ, ಖಿನ್ನತೆಯ 233 ರೋಗಿಗಳಿಗೆ 25, 10 ಅಥವಾ 1 ಮಿಲಿಗ್ರಾಂ ಕೊಟ್ಟ ಪ್ರಯೋಗದಲ್ಲಿ ಆತ್ಮಹತ್ಯೆಯ ಯೋಚನೆ, ಸ್ವಯಂ ಹಾನಿಯ ಪ್ರಕರಣಗಳು ಮೂರೂ ಗುಂಪುಗಳಲ್ಲಿ ಕಂಡವು.

ಎದೆ ಬಡಿತ ತಪ್ಪಿದಂತಾಗುವುದು, ಎಚ್ಚರ ತಪ್ಪುವುದು, ಫಿಟ್ಸ್, ನಿಲ್ಲದ ವಾಂತಿ, ಎರಡು ರಾತ್ರಿ ನಿದ್ದೆಯೇ ಇಲ್ಲದೆ ಮಾತು ಹೆಚ್ಚಾಗುವುದು, ಇಲ್ಲದ ದನಿ ಕೇಳುವುದು, ಬದುಕು ಬೇಡ ಎನ್ನಿಸುವುದು, ಇವುಗಳಲ್ಲಿ ಒಂದು ಕಂಡರೂ ಪ್ರಯೋಗದ ತಂಡದ ಫೋನಿಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಪರ್ಸ್‌ನಲ್ಲಿ ಒಂದು ಕಾರ್ಡ್ ಸದಾ ಇರಲಿ: ಪ್ರಯೋಗದ ಹೆಸರು ಮತ್ತು ನೋಂದಣಿ ಸಂಖ್ಯೆ, ಔಷಧ, ಡೋಸ್, ಕೊಟ್ಟ ದಿನಾಂಕ ಮತ್ತು ಗಂಟೆ, ನಿಲ್ಲಿಸಿದ ಮಾತ್ರೆಗಳು, ಕೊನೆಯ ಪೊಟ್ಯಾಶಿಯಂ ಅಂಕಿ, ಪ್ರಯೋಗದ ವೈದ್ಯರ ಸಂಖ್ಯೆ. ಅದರ ಹಿಂದೆ ಮಡಚಿದ ಇಸಿಜಿ ಪ್ರತಿ. ಡ್ಯೂಟಿಯಲ್ಲಿರುವ ವೈದ್ಯರಿಗೆ ನಿಮ್ಮ ಹಳೆಯ ಇಸಿಜಿ ಸಿಕ್ಕರೆ ಹೊಸದರಲ್ಲಿ ಏನು ಬದಲಾಗಿದೆ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.